ಮಿನಿ ಟ್ರ್ಯಾಕ್ಟರಿಗೆ ಹೊಸ ಟಯರು, ತಕ್ಕ ಭಾರ

ಆಳುಗಳ ಅಭಾವ ಹೆಚ್ಚಿದಂತೆಲ್ಲ ನಮ್ಮ ಕಾಫಿ, ಅಡಿಕೆ ತೋಟಗಳಿಗೆ ಮಿನಿ ಟ್ರ್ಯಾಕ್ಟರು ಬಂದು ಸೇರಿಕೊಂಡಿದೆ. ಗೊಬ್ಬರ ಸಾಗಿಸಲು, ಬೋರ್ಡೋ ದ್ರಾವಣ ಹೊಡೆಯಲು, ಕಳೆ ಸವರಲು, ಕೊಯ್ಲಿನ ದಿನಗಳಲ್ಲಿ ಹಣ್ಣಿನ ಮೂಟೆಗಳನ್ನು ಕಣಕ್ಕೆ ತರಲು ಈಗ ಅದೇ ಮನೆಯ ಎತ್ತು. ಹತ್ತಡಿ ಅಂತರದ ರೋಬಸ್ಟಾ ಸಾಲಿನಲ್ಲಿಯೂ 2.7 ಮೀಟರ್, ಅಂದರೆ ಒಂಬತ್ತಡಿ ಅಂತರದ ಅಡಿಕೆ ಸಾಲಿನಲ್ಲಿಯೂ ಮೂರೂವರೆ ಅಡಿ ಅಗಲದ ಟ್ರ್ಯಾಕ್ಟರು ಓಡಾಡಬಲ್ಲದು. ಆರೇಳು ಅಡಿ ಅಂತರದ ಅರೇಬಿಕಾದ ಒಳಗೆ ಮಾತ್ರ ಅದಕ್ಕೆ ದಾರಿಯಿಲ್ಲ; ಅಲ್ಲಿ ತೋಟದ ರಸ್ತೆಯೇ ಅದರ ಗಡಿ.

ಎಂಜಿನ್ ಎಣ್ಣೆಯನ್ನು ತಪ್ಪದೆ ಬದಲಿಸುವ ಬೆಳೆಗಾರರೂ ಟಯರಿನ ಕಡೆ ನೋಡುವುದು ಅದು ಕೈಕೊಟ್ಟ ಮೇಲೆಯೇ. ಮಳೆ ಹಿಡಿದಿದೆ, ಕೊಳೆರೋಗದ ಮದ್ದು ಹೊಡೆಯುವುದು ಅರ್ಧಕ್ಕೆ ನಿಂತಿದೆ, ಚಡಾವಿನಲ್ಲಿ ಚಕ್ರ ನಿಂತಲ್ಲೇ ತಿರುಗುತ್ತಿದೆ. ಆಗ ಪೇಟೆಗೆ ಓಡಿ, ಅಂಗಡಿಯಲ್ಲಿ ಇದ್ದುದರಲ್ಲಿ ಸೋವಿಯಾದುದನ್ನು ಹಾಕಿಸಿಕೊಂಡು ಬರುತ್ತೇವೆ. ಆಮೇಲೂ ಚಕ್ರ ಜಾರಿದರೆ ಮೂತಿಯ ಮೇಲೆ ಒಂದು ಮರಳಿನ ಮೂಟೆ ಕಟ್ಟುತ್ತೇವೆ. ಟಯರಿನ ಖರ್ಚು ಒಂದು, ಭಾರದ ಉಪಾಯ ಇನ್ನೊಂದು ಎಂದು ಬೇರೆ ಬೇರೆಯಾಗಿ ಯೋಚಿಸುವುದರಿಂದ ಹಣವೂ ಹೋಗುತ್ತದೆ, ಇಳಿಜಾರಿನಲ್ಲಿ ಜೀವಕ್ಕೂ ಕುತ್ತು ಬರುತ್ತದೆ. ಇವೆರಡನ್ನೂ ಒಟ್ಟಿಗೇ ತೀರ್ಮಾನಿಸಬೇಕೆಂಬುದು ಈ ಲೇಖನದ ಆಶಯ.

ಟ್ರ್ಯಾಕ್ಟರಿಗೆ ರಬ್ಬರಿನ ಟಯರು ಬಂದ ಕಥೆಯಲ್ಲಿ ತೋಟಗಾರರ ಪಾತ್ರವಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಮೊದಲಿನ ಟ್ರ್ಯಾಕ್ಟರುಗಳಿಗೆ ಇದ್ದುದು ಮುಳ್ಳುಹಲ್ಲಿನ ಉಕ್ಕಿನ ಚಕ್ರ. ಅದು ಮರಗಳ ಬೇರನ್ನು ಕಡಿದುಹಾಕುತ್ತದೆಂದು 1920ರ ದಶಕದ ಕೊನೆಯ ವೇಳೆಗೆ ಅಮೆರಿಕದ ಫ್ಲಾರಿಡಾ ಪ್ರಾಂತ್ಯದ ಕಿತ್ತಳೆ ತೋಟದವರು ಲಾರಿಯ ಹಳೆಯ ಟಯರುಗಳನ್ನು ಉಕ್ಕಿನ ಚಕ್ರಕ್ಕೆ ತೊಡಿಸಿ ನೋಡಿದರು. 1932ರಲ್ಲಿ ಅಲಿಸ್-ಚಾಮರ್ಸ್ ಕಂಪೆನಿ ಗಾಳಿ ತುಂಬಿದ ಟಯರಿನ ಟ್ರ್ಯಾಕ್ಟರನ್ನೇ ಮಾರಾಟಕ್ಕೆ ತಂದಿತು. ಬೇರು ಉಳಿಸುವುದೂ ಟಯರಿನ ಕೆಲಸವೇ ಎಂಬುದು ಅಂದಿನಿಂದ ಬಂದ ಮಾತು.

ಬದಲಿಸುವ ಕಾಲ ಬಂದಿದೆಯೇ?

ಹಿಂದಿನ ಟಯರಿನ ಮೇಲೆ ಓರೆಯಾಗಿ ಎದ್ದು ನಿಂತ ರಬ್ಬರಿನ ಪಟ್ಟಿಗಳಿರುತ್ತವಲ್ಲ, ಪಂಕ್ಚರ್ ಅಂಗಡಿಯವರ ಬಾಯಲ್ಲಿ ಅವು 'ಬಟನ್'. ಹೊಸದರಲ್ಲಿದ್ದ ಎತ್ತರದ ಕಾಲುಭಾಗ ಮಾತ್ರ ಉಳಿದಿದ್ದರೆ ಮಳೆಗಾಲಕ್ಕೆ ಆ ಟಯರು ಆಗದು. ಬೇಸಿಗೆಯ ಗಟ್ಟಿ ನೆಲದಲ್ಲಿ ಅದೇ ಟಯರು ಇನ್ನೂ ಚೆನ್ನಾಗಿ ಎಳೆಯುತ್ತದೆ. ಆದುದರಿಂದಲೇ ನಾವು ಮೋಸಹೋಗುವುದು.

ಕಣ್ಣಂದಾಜು ಸಾಲದೆಂದರೆ ಒಂದು ಪರೀಕ್ಷೆ ಮಾಡಿನೋಡಬಹುದು. ಬೇಕಾದದ್ದು ಒಂದು ತುಂಡು ಸೀಮೆಸುಣ್ಣ, ಎರಡು ಗೂಟ, ಅಳತೆ ಟೇಪು, ಜತೆಗೊಬ್ಬರು. ತಾವು ಕೆಲಸ ಮಾಡುವ ನೆಲದಲ್ಲೇ ಸ್ವಲ್ಪ ಸಮತಟ್ಟಾದ ಕಡೆ ಹಿಂದಿನ ಚಕ್ರಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಹೊರೆಯಿಲ್ಲದೆ ಚಕ್ರ ಹತ್ತು ಸುತ್ತು ತಿರುಗುವಷ್ಟು ದೂರ ಹೋಗಿ, ಅಳೆಯಿರಿ. ಸಣ್ಣ ಟ್ರ್ಯಾಕ್ಟರಿನಲ್ಲಿ ಇದು 30 ಮೀಟರಿನ ಆಸುಪಾಸು ಬರುತ್ತದೆ. ಈಗ ಟ್ರೈಲರನ್ನೋ ನೇಗಿಲನ್ನೋ ಹೂಡಿ ಕೆಲಸ ಮಾಡುತ್ತಲೇ ಮತ್ತೆ ಹತ್ತು ಸುತ್ತು ಅಳೆಯಿರಿ. 26 ಮೀಟರು ಬಂದಿತೆನ್ನೋಣ. ನಾಲ್ಕು ಮೀಟರು ಜಾರಿಕೆಯಲ್ಲಿ ಹೋಯಿತು. 30ಕ್ಕೆ 4 ಎಂದರೆ ನೂರಕ್ಕೆ 13ರಷ್ಟು. ನೂರಕ್ಕೆ 8ರಿಂದ 15ರವರೆಗಿನ ಜಾರಿಕೆ ಸಹಜ. 15 ಮೀರಿದರೆ ಟಯರು ಸವೆದಿದೆ, ಇಲ್ಲವೆ ಭಾರ ಸಾಲದು. ಬಟನ್ ಚೆನ್ನಾಗಿದ್ದೂ ಜಾರಿದರೆ ಭಾರದ ಕಡೆ ನೋಡಬೇಕು. ಟಯರಿಗೆ ಹಣ ಹಾಕಿ ಪ್ರಯೋಜನವಿಲ್ಲ. ಇನ್ನು ಜಾರಿಕೆ 5ಕ್ಕಿಂತ ಕಡಿಮೆ ಎಂದಾದರೆ ಸಂತೋಷಪಡಬೇಕಾಗಿಲ್ಲ. ಬೇಡದ ಭಾರವನ್ನು ಹೊತ್ತು ತಿರುಗುತ್ತಿದ್ದೀರಿ, ಡೀಸೆಲ್ ಸುಡುತ್ತಿದ್ದೀರಿ, ಮಣ್ಣನ್ನು ಒತ್ತುತ್ತಿದ್ದೀರಿ ಎಂದೇ ಅದರ ಅರ್ಥ.

ಬಟನ್ ಇದ್ದರೂ ಪಕ್ಕದ ಗೋಡೆಯಲ್ಲಿ ಬಿರುಕು ಬಿಟ್ಟು ಒಳಗಿನ ನೂಲು ಕಾಣುತ್ತಿದ್ದರೆ, ಅಥವಾ ಎಲ್ಲಾದರೂ ಉಬ್ಬಿದ್ದರೆ, ಆ ಟಯರನ್ನು ಇಳಿಸಲೇಬೇಕು. ಚಾಟು ಕತ್ತರಿಸಿದ ಕಾಫಿ ಗಿಡದ ಮೊಳಕೆ ಚೂಪಾಗಿ ಉಳಿದು ಪಕ್ಕದ ಗೋಡೆಗೇ ಚುಚ್ಚುವುದುಂಟು. ಅಲ್ಲಿಗೆ ಹಾಕಿದ ತೇಪೆ ಇಳಿಜಾರಿನಲ್ಲಿ ನಂಬತಕ್ಕದ್ದಲ್ಲ.

ಟಯರಿನ ಮೇಲಿನ ಬರಹ

ಟಯರಿನ ಪಕ್ಕದಲ್ಲಿ 8.3-20 ಎಂದಿದ್ದರೆ, ಗಾಳಿ ತುಂಬಿದ ಟಯರಿನ ಅಗಲ 8.3 ಅಂಗುಲ, ಅದು ಕೂರುವ ರಿಮ್ಮಿನ ವ್ಯಾಸ 20 ಅಂಗುಲ ಎಂದು ಓದಿಕೊಳ್ಳಬೇಕು. ಹಳೆಯ ಟ್ರ್ಯಾಕ್ಟರುಗಳ ಕೈಪಿಡಿಯಲ್ಲಿ ಬೇರೆ ಅಂಕೆ ಇರಬಹುದು. ಇಂದಿನ 8.3-24 ಎಂಬುದು ಹಿಂದಿನ 7-24, ಇಂದಿನ 9.5-24 ಹಿಂದಿನ 8-24. ಟಯರು ಬೆಳೆಯಲಿಲ್ಲ, ಅಳೆಯುವ ರೀತಿ ಬದಲಾಯಿತಷ್ಟೆ.

'6 ಪಿ.ಆರ್.', '8 ಪಿ.ಆರ್.' ಎಂಬ ಬರಹ ಟಯರು ಹೊರುವ ಶಕ್ತಿಯ ದರ್ಜೆ. ಹಿಂದೆ ಅದು ಒಳಗಿನ ನೂಲಿನ ಪದರಗಳ ಎಣಿಕೆಯಾಗಿತ್ತು, ಈಗ ಹಾಗಿಲ್ಲ. ಹೆಚ್ಚಿನ ದರ್ಜೆಯ ಟಯರು ಹೆಚ್ಚು ಗಾಳಿ, ಹೆಚ್ಚು ಹೊರೆ ತಾಳುತ್ತದೆ. ಆದರೆ ಅದರ ಗೋಡೆ ಬಿರುಸಾಗಿರುವುದರಿಂದ ಹಗುರವಾದ ಟ್ರ್ಯಾಕ್ಟರಿಗೆ ಹಾಕಿದರೆ ನೆಲಕ್ಕೆ ಚೆನ್ನಾಗಿ ಹರಡಿಕೊಳ್ಳದು. ಕಂಪೆನಿಯವರು ಕೊಟ್ಟ ದರ್ಜೆಗೇ ಅಂಟಿಕೊಳ್ಳುವುದು ಲೇಸು.

ನಾಲ್ಕಂಕಿಯ ಒಂದು ಗುರುತನ್ನು ಹುಡುಕಿ ನೋಡಿ. 2423 ಎಂದಿದ್ದರೆ 2023ನೆಯ ಇಸವಿಯ 24ನೆಯ ವಾರದಲ್ಲಿ ತಯಾರಾದದ್ದು. ಅಂಗಡಿಯ ಬಾಗಿಲಲ್ಲಿ ನಾಲ್ಕಾರು ವರ್ಷ ಬಿಸಿಲು ಕುಡಿದ ಟಯರು ಹೊಳೆಯುತ್ತಿದ್ದರೂ ಹೊಸದಲ್ಲ. ರಿಯಾಯಿತಿ ಎಂದಾಗ ಮೊದಲು ಈ ಅಂಕಿಯನ್ನೇ ನೋಡಬೇಕು. ಬಿಲ್ಲನ್ನೂ ಕೇಳಿ ಪಡೆಯಿರಿ. ಟ್ರ್ಯಾಕ್ಟರಿನ ಟಯರು, ಟ್ಯೂಬುಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 18ರಿಂದ 5ಕ್ಕೆ ಇಳಿದಿದೆ. ಆ ಇಳಿತ ತಮ್ಮ ಬಿಲ್ಲಿನಲ್ಲಿಯೂ ಕಾಣಬೇಕು.

ಯಾವ ಬಟನ್?

ಬಟನ್ನಿನ ನಮೂನೆಗೂ ಸಂಕೇತವಿದೆ. 'ಆರ್-1' ಎಂದರೆ ಸಾಮಾನ್ಯ ಬೇಸಾಯದ ಟಯರು. 'ಆರ್-2' ಎಂದರೆ ಗದ್ದೆ, ಕಬ್ಬಿನ ಕೆಸರಿಗೆಂದು ಮಾಡಿದ್ದು. ಅದರ ಬಟನ್ ಆರ್-1ರ ಸುಮಾರು ಎರಡರಷ್ಟು ಎತ್ತರ. 'ಆರ್-3' ಹುಲ್ಲುನೆಲಕ್ಕೆ, 'ಆರ್-4' ಗಟ್ಟಿ ನೆಲದ ಕಾರ್ಖಾನೆ ಕೆಲಸಕ್ಕೆ. ನಮ್ಮ ತೋಟದವರಿಗೆ ಆರ್-1 ಹೊಂದುತ್ತದೆ. ಮಲೆನಾಡಿನ ಮಳೆ ನೋಡಿ ಆರ್-2ಕ್ಕೆ ಮನಸ್ಸಾಗುವುದು ಸಹಜವೇ. ಆದರೆ ಟಾರು ರಸ್ತೆಯಲ್ಲಿ ಎರಡು ಮೈಲಿ ಓಡಿಸಬೇಕಾದವರಿಗೆ ಆ ಎತ್ತರದ ಬಟನ್ ನಡುಗಿಸಿ, ಬೇಗ ಸವೆದುಹೋಗುತ್ತದೆ. ಅಡಿಕೆ ತೋಟದಲ್ಲಿ ಅದು ಇನ್ನೂ ಕೆಟ್ಟದ್ದು. ಅಡಿಕೆ ಮರದ ಹೆಚ್ಚಿನ ಬೇರುಗಳು ಬುಡದಿಂದ ಮೂರಡಿಯ ಒಳಗೆ, ಮೇಲಿನ ಎರಡಡಿ ಮಣ್ಣಿನಲ್ಲಿ ಹರಡಿರುತ್ತವೆ. ಒಂಬತ್ತಡಿ ಸಾಲಿನ ನಡುಮಧ್ಯದಲ್ಲೇ ಟ್ರ್ಯಾಕ್ಟರು ಹೋದರೂ ಚಕ್ರದ ಹೊರ ಅಂಚು ಬುಡಕ್ಕೆ ಮೂರಡಿಗಿಂತ ಹತ್ತಿರ ಸುಳಿಯುತ್ತದೆ. ಅಲ್ಲಿ ಎತ್ತರದ ಬಟನ್ ಒಮ್ಮೆ ಜಾರಿ ಸುತ್ತಿದರೆ ಸಲಿಕೆ ಹಾಕಿ ಬೇರು ಕೆದಕಿದಂತೆಯೇ ಸರಿ. ಗದ್ದೆಯ ಉಳುಮೆಯೇ ಮುಖ್ಯ ಕೆಲಸವಾದವರು ಮಾತ್ರ ಆರ್-2 ಕೊಳ್ಳಲಿ.

ಎರಡು ಚಕ್ರ ಚಾಲನೆಯ ಟ್ರ್ಯಾಕ್ಟರಿನ ಮುಂದಿನ ಟಯರಿಗೆ ಉದ್ದನೆಯ ಏಣುಗಳಿರುತ್ತವೆ. ಅವು ಎಳೆಯುವುದಕ್ಕಲ್ಲ, ತಿರುಗಿಸಿದತ್ತ ಹೋಗುವುದಕ್ಕೆ. ಏಣು ಸವೆದ ಮುಂದಿನ ಟಯರು ಒದ್ದೆಯಾದ ಅಡಿಕೆ ಹಾಳೆಯ ಮೇಲೆ ಏರಿದರೆ ಸ್ಟಿಯರಿಂಗ್ ತಿರುಗಿಸಿದರೂ ಟ್ರ್ಯಾಕ್ಟರು ನೇರವಾಗಿಯೇ ಹೋಗುತ್ತದೆ. ಹಾಳೆಯ ಜಾರು ಎಂಥದೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಹಿಂದಿನ ಟಯರಿಗೆ ಸಾವಿರಾರು ರೂಪಾಯಿ ಕೊಟ್ಟು ಮುಂದಿನದನ್ನು 'ಇನ್ನೊಂದು ವರ್ಷ ನೋಡೋಣ' ಎಂದು ಬಿಡುವವರು ಇದನ್ನು ಗಮನಿಸಬೇಕು.

ಹಿಂದಿನ ಟಯರುಗಳನ್ನು ಜೋಡಿಯಾಗಿಯೇ ಬದಲಿಸಿ. ಒಂದು ಹೊಸದು, ಒಂದು ಸವೆದದ್ದು ಎಂದಾದರೆ ಎರಡರ ಸುತ್ತಳತೆ ಬೇರೆಯಾಗಿ ಡಿಫರೆನ್ಷಿಯಲ್ ಸದಾ ತಿರುಗುತ್ತಿರಬೇಕಾಗುತ್ತದೆ. ಟ್ರ್ಯಾಕ್ಟರು ಒಂದು ಕಡೆಗೆ ವಾಲಿಯೂ ನಿಲ್ಲುತ್ತದೆ. ಹಳೆಯದಕ್ಕೆ ರೀಟ್ರೆಡ್ ಮಾಡಿಸುವವರಿಗೆ ಗೋಡೆ ಗಟ್ಟಿಯಿದ್ದರೆ ಅಡ್ಡಿಯಿಲ್ಲ. ಅದನ್ನೂ ಜೋಡಿಯಾಗಿ ಮಾಡಿಸಬೇಕು.

'ಒಂದು ಸೈಜು ದೊಡ್ಡದು ಹಾಕ್ಬಿಡಿ ಸಾರ್'

ಅಂಗಡಿಯಲ್ಲಿ ಈ ಸಲಹೆ ಬಂದೇ ಬರುತ್ತದೆ. 'ನೆಲದಿಂದ ಎತ್ತರ ಸಿಗುತ್ತೆ, ಎಳೆತ ಜಾಸ್ತಿಯಾಗುತ್ತೆ' ಎನ್ನುತ್ತಾರೆ. ಎತ್ತರ ಸಿಗುವುದು ನಿಜ. ಎಳೆತ ಮಾತ್ರ ಕಡಿಮೆಯಾಗುತ್ತದೆ. ಎಂಜಿನ್ ಕೊಡುವ ತಿರುಚುಬಲ ಅಷ್ಟೇ ಇದ್ದು ಚಕ್ರ ದೊಡ್ಡದಾದರೆ ನೆಲದ ಮೇಲೆ ಸಿಗುವ ಬಲ ತಗ್ಗುತ್ತದೆ, ವೇಗ ಏರುತ್ತದೆ. ಟ್ರ್ಯಾಕ್ಟರಿನ ಭಾರದ ಕೇಂದ್ರವೂ ಮೇಲಕ್ಕೆ ಹೋಗುತ್ತದೆ. ಇಳಿಜಾರಿನವರಿಗೆ ಇವು ಮೂರೂ ಬೇಡದ ವರಗಳು.

ನಾಲ್ಕು ಚಕ್ರ ಚಾಲನೆಯ ಟ್ರ್ಯಾಕ್ಟರಿನಲ್ಲಂತೂ ಇದು ದುಬಾರಿ ತಪ್ಪು. ಮುಂದಿನ ಸಣ್ಣ ಚಕ್ರಗಳೂ ಹಿಂದಿನ ದೊಡ್ಡ ಚಕ್ರಗಳೂ ಗೇರುಗಳ ಮೂಲಕ ಒಂದಕ್ಕೊಂದು ಕಟ್ಟಿಹಾಕಿದಂತಿರುತ್ತವೆ. ಮುಂದಿನದು ಹಿಂದಿನದಕ್ಕಿಂತ ನೂರಕ್ಕೆ 1ರಿಂದ 5ರಷ್ಟು ಮುಂದಾಗಿ ಎಳೆಯುವಂತೆ ಟಯರಿನ ಅಳತೆಯನ್ನೂ ಗೇರಿನ ಹಲ್ಲನ್ನೂ ಲೆಕ್ಕ ಹಾಕಿ ಕೂಡಿಸಿರುತ್ತಾರೆ. ಹಿಂದಿನ ಜೋಡಿಯನ್ನಷ್ಟೇ ದೊಡ್ಡದು ಮಾಡಿದರೆ ಹಿಂದಿನ ಚಕ್ರ ಮುಂದಿನದನ್ನು ತಳ್ಳತೊಡಗುತ್ತದೆ. ಎರಡು ಎತ್ತುಗಳು ನೊಗದಲ್ಲಿ ಒಂದನ್ನೊಂದು ಜಗ್ಗಿದ ಹಾಗೆ. ಟಯರು ತಿಂದುಹೋಗುವುದಷ್ಟೇ ಅಲ್ಲ, ಮುಂದಿನ ಅಚ್ಚಿನ ಗೇರುಗಳೂ ಕೆಡುತ್ತವೆ. ಆ ರಿಪೇರಿಯ ಮುಂದೆ ಟಯರಿನ ಬೆಲೆ ಏನೇನೂ ಅಲ್ಲ.

ಬೇರೆ ಕಂಪೆನಿಯ ಟಯರು ಹಾಕಿಸಿದಾಗ ಬರಹದ ಅಳತೆ ಒಂದೇ ಇದ್ದರೂ ಸುತ್ತಳತೆಯಲ್ಲಿ ಕೊಂಚ ವ್ಯತ್ಯಾಸ ಬರಬಹುದು. ಪರೀಕ್ಷಿಸುವ ರೀತಿ ಹೀಗಿದೆ: ಸಡಿಲ ಮಣ್ಣಿನ ಸಮನೆಲದಲ್ಲಿ ಮುಂದಿನ ಚಾಲನೆಯನ್ನು ಬಿಡಿಸಿ, ಹಿಂದಿನ ಚಕ್ರ ಹತ್ತು ಸುತ್ತು ತಿರುಗುವಷ್ಟರಲ್ಲಿ ಮುಂದಿನದು ಎಷ್ಟು ಸುತ್ತು ಬಂದಿತೆಂದು ಎಣಿಸಿ. ಹದಿನಾಲ್ಕೂವರೆ ಎನ್ನೋಣ. ಆಮೇಲೆ ಮುಂದಿನ ಚಾಲನೆ ಹಾಕಿ ಮತ್ತೆ ಎಣಿಸಿ. ಹದಿನೈದು ಬಂದರೆ ಅರ್ಧ ಸುತ್ತು ಹೆಚ್ಚು, ಅಂದರೆ ಸುಮಾರು ಮೂರೂವರೆ ಶೇಕಡ ಮುಂದು. ಸರಿಯಾಗಿದೆ. ಎರಡೂ ಒಂದೇ ಬಂದರೆ, ಅಥವಾ ಚಾಲನೆ ಹಾಕಿದಾಗ ಕಡಿಮೆ ಬಂದರೆ, ಟಯರುಗಳು ಒಂದಕ್ಕೊಂದು ಹೊಂದಿಲ್ಲ. ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳುವ ದಿನಗಳಲ್ಲೇ ಈ ಪರೀಕ್ಷೆ ಮಾಡಿಕೊಳ್ಳಬೇಕು. ಟಾರು ರಸ್ತೆಯ ಸಮತಟ್ಟಿನಲ್ಲಿ ಮುಂದಿನ ಚಾಲನೆಯನ್ನು ಬಿಡಿಸಿ ಓಡಿಸುವುದು ಒಳ್ಳೆಯದು. ಇಲ್ಲವಾದರೆ ಮುಂದಿನ ಬಟನ್ ಅರ್ಧ ಆಯುಸ್ಸಿಗೇ ಮುಗಿಯುತ್ತದೆ.

ಭಾರ ಎಲ್ಲಿರಬೇಕು, ಎಷ್ಟಿರಬೇಕು

ಟಯರು ಮಣ್ಣನ್ನು ಹಿಡಿಯುವುದು ಮೇಲಿನ ಭಾರದಿಂದ. ಹಾಗೆಂದು ಭಾರ ಹೇರುತ್ತಲೇ ಹೋದರೆ ಮಣ್ಣು ಹೆಂಟೆಗಟ್ಟಿ, ಮೇಲಿನ ಒಂದಡಿಯಲ್ಲೇ ಆಹಾರ ಹುಡುಕುವ ಕಾಫಿಯ ಎಳೆಬೇರಿಗೆ ಗಾಳಿಯೂ ಇಲ್ಲ, ನೀರೂ ಇಳಿಯದು. ಆದ್ದರಿಂದ ಬೇಕಾದಾಗ ಹಾಕಿ ಬೇಡವಾದಾಗ ತೆಗೆಯಲು ಬರುವ ಭಾರವೇ ತೋಟಕ್ಕೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅದು ನೆಲಕ್ಕೆ ಎಷ್ಟು ಹತ್ತಿರವಿದ್ದರೆ ಅಷ್ಟು ಕ್ಷೇಮ.

ಮೊದಲು ಲೆಕ್ಕ. ಟ್ರ್ಯಾಕ್ಟರಿನ ಹಿಂದೆ ಏನನ್ನು ತೂಗುಹಾಕಿದರೂ ಹಿಂದಿನ ಅಚ್ಚನ್ನು ಆಧಾರ ಮಾಡಿಕೊಂಡು ಅದು ಮೂತಿಯನ್ನು ಎತ್ತುತ್ತದೆ; ಹಳೆಯ ಕಾಲದ ಏತದ ಹಾಗೆ. 650 ಕಿಲೋ ತೂಗುವ ಒಂದು ಸಣ್ಣ ಟ್ರ್ಯಾಕ್ಟರನ್ನು ತೆಗೆದುಕೊಳ್ಳೋಣ. ಮುಂದಿನ ಅಚ್ಚಿನ ಮೇಲೆ 270 ಕಿಲೋ, ಹಿಂದಿನದರ ಮೇಲೆ 380 ಕಿಲೋ; ಎರಡು ಅಚ್ಚುಗಳ ನಡುವೆ ಒಂದೂವರೆ ಮೀಟರು. ಇದಕ್ಕೆ ದ್ರಾವಣ ತುಂಬಿದ ಡ್ರಮ್ಮು, ಪಂಪು, ಚೌಕಟ್ಟು ಸೇರಿ 300 ಕಿಲೋ ಭಾರವನ್ನು ಹಿಂದಿನ ಅಚ್ಚಿನಿಂದ 90 ಸೆಂಟಿಮೀಟರ್ ಹಿಂದಕ್ಕೆ ಹೊರಿಸಿದೆವು. 300ನ್ನು 0.9ರಿಂದ ಗುಣಿಸಿ 1.5ರಿಂದ ಭಾಗಿಸಿದರೆ 180. ಅಂದರೆ ಮುಂದಿನ ಚಕ್ರಗಳಿಂದ 180 ಕಿಲೋ ಮಾಯವಾಗಿ 90 ಕಿಲೋ ಮಾತ್ರ ಉಳಿಯಿತು. ಟ್ರ್ಯಾಕ್ಟರಿನ ಸ್ವಂತ ತೂಕದ ಐದರಲ್ಲೊಂದು ಪಾಲಾದರೂ ಮುಂದಿನ ಅಚ್ಚಿನ ಮೇಲೆ ಇರಬೇಕೆಂಬುದು ಸಾಮಾನ್ಯ ನಿಯಮ. ಇಲ್ಲಿ ಅದು 130 ಕಿಲೋ. ನಲವತ್ತು ಕಿಲೋ ಕೊರತೆ. ಸಮನೆಲದಲ್ಲಿ ಸ್ಟಿಯರಿಂಗ್ ಹಗುರಾಗಿ ತಿರುಗುತ್ತದೆಂದು ಖುಷಿಪಟ್ಟವರು ಚಡಾವು ಏರುವಾಗ ಮೂತಿ ಎದ್ದುದನ್ನು ಕಾಣುತ್ತಾರೆ.

ಇದನ್ನು ಸರಿಪಡಿಸಲು ಮುಂದಿನ ಅಚ್ಚಿಗಿಂತ ಅರ್ಧ ಮೀಟರು ಮುಂದಿರುವ ಬಂಪರಿಗೆ ಎರಕದ ತೂಕ ತಗುಲಿಸಬೇಕು. ಅಲ್ಲಿಯೂ ಏತದ ನ್ಯಾಯವೇ. ಮುಂದೆ ಚಾಚಿಕೊಂಡಿರುವುದರಿಂದ 30 ಕಿಲೋ ಹಾಕಿದರೆ ಅಚ್ಚಿನ ಮೇಲೆ 40 ಕಿಲೋ ಹಾಕಿದ ಫಲ. ತಮ್ಮ ಟ್ರ್ಯಾಕ್ಟರಿನ ನಿಜವಾದ ಅಂಕಿ ಬೇಕೆಂದರೆ ಹತ್ತಿರದ ವೇಬ್ರಿಡ್ಜಿಗೆ ಹೋಗಿ, ಸಲಕರಣೆ ಎತ್ತಿಹಿಡಿದು, ಮುಂದಿನ ಚಕ್ರಗಳನ್ನು ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ತೂಗಿಸಿ. ಒಂದು ಚೀಟಿ ಕೈಗೆ ಬಂದರೆ ಊಹೆಗೆ ಅವಕಾಶವಿಲ್ಲ. ಹಿಂದಿನ ಅಚ್ಚಿನದನ್ನೂ ತೂಗಿಸಿಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಅದು 850 ಕಿಲೋ. ಒಂದೊಂದು ಟಯರಿಗೆ 425. ಹೊಸ ಟಯರು ಅಷ್ಟನ್ನು ಯಾವ ಗಾಳಿಯೊತ್ತಡದಲ್ಲಿ ಹೊರುತ್ತದೆಂದು ಅಂಗಡಿಯ ಪಟ್ಟಿಯಲ್ಲಿ ನೋಡಿಯೇ ಕೊಳ್ಳಬೇಕು.

ಎರಕದ ತೂಕಕ್ಕೆ ಹಣ ಹಾಕುವ ಬದಲು ಕಾಂಕ್ರೀಟು ಎರಕ ಹೊಯ್ದುಕೊಳ್ಳಬಹುದೇ ಎಂದು ಕೇಳುವವರಿದ್ದಾರೆ. ಧಾರಾಳವಾಗಿ. ಒಂದು ಘನ ಅಡಿ ಕಾಂಕ್ರೀಟು ಸುಮಾರು 68 ಕಿಲೋ ತೂಗುತ್ತದೆ. ಅರ್ಧ ಘನ ಅಡಿಯ ಅಚ್ಚು ನಮ್ಮ ಲೆಕ್ಕಕ್ಕೆ ಸಾಕು. ಹೊಯ್ಯುವಾಗಲೇ ಬೋಲ್ಟುಗಳನ್ನು ಒಳಗೆ ಹುದುಗಿಸಿ, ಕಂಪೆನಿಯವರು ತೂಕಕ್ಕೆಂದೇ ಕೊಟ್ಟ ಹಿಡಿಕೆಗೆ ಬಿಗಿಯಬೇಕು. ಹಗ್ಗದಲ್ಲಿ ಕಟ್ಟಿದ ಮರಳಿನ ಮೂಟೆ ಮಾತ್ರ ಬೇಡ. ಇಳಿಜಾರಿನಲ್ಲಿ ಅದು ಜಾರಿ ಮುಂದಿನ ಚಕ್ರದ ಕೆಳಗೇ ಬೀಳುವುದು.

ಹಿಂದಿನ ಚಕ್ರದ ಹಿಡಿತ ಸಾಲದೆಂದರೆ ಎರಡು ದಾರಿಗಳಿವೆ. ಚಕ್ರದ ತಟ್ಟೆಗೆ ಬೋಲ್ಟು ಹಾಕುವ ಎರಕದ ತೂಕ ಒಂದು. ಟಯರಿನೊಳಗೆ ನೀರು ಇನ್ನೊಂದು. ನೀರು ಎಲ್ಲಕ್ಕಿಂತ ಅಗ್ಗ, ನೆಲಕ್ಕೆ ಅತಿ ಹತ್ತಿರ. ಅದರ ಭಾರ ಅಚ್ಚಿನ ಮೇಲೆ ಬೀಳದೆ ನೇರ ನೆಲಕ್ಕೇ ಇಳಿಯುತ್ತದೆ. ಚಳಿದೇಶದವರು ಹೆಪ್ಪುಗಟ್ಟದಿರಲೆಂದು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ, ಅದು ರಿಮ್ಮನ್ನು ತಿನ್ನುತ್ತದೆ. ನಮಗೆ ಆ ತಾಪತ್ರಯವಿಲ್ಲ. ಟ್ಯೂಬಿನೊಳಗೆ ಶುದ್ಧ ನೀರು ಸಾಕು. ಚಕ್ರವನ್ನು ಜಾಕಿನ ಮೇಲೆತ್ತಿ, ವಾಲ್ವನ್ನು ತುತ್ತತುದಿಗೆ ತಂದು, ಒಳಗಿನ ಪಿನ್ನು ಬಿಚ್ಚಿ, ಮೇಲಿನ ಡ್ರಮ್ಮಿನಿಂದ ಸಪೂರ ಪೈಪಿನಲ್ಲಿ ನೀರು ಬಿಡಬೇಕು. ನಡುನಡುವೆ ಪೈಪು ತೆಗೆದು ಒಳಗಿನ ಗಾಳಿಗೆ ಹೊರಬರಲು ಬಿಡಬೇಕು. ವಾಲ್ವಿನ ಮಟ್ಟಕ್ಕೆ ನೀರು ಬಂದು ಹೊರಚೆಲ್ಲಿದಾಗ ಟಯರಿನ ಮುಕ್ಕಾಲು ಪಾಲು ತುಂಬಿರುತ್ತದೆ. ಅಲ್ಲಿಗೆ ನಿಲ್ಲಿಸಿ, ಉಳಿದದ್ದನ್ನು ಗಾಳಿಗೆ ಬಿಡಿ. ಎಷ್ಟು ಲೀಟರು ಹಿಡಿಯಿತೆಂದು ಅಳೆದು ಬರೆದಿಡಿ, ಒಂದು ಲೀಟರಿಗೆ ಒಂದು ಕಿಲೋ. ಎರಡು ಚಕ್ರಕ್ಕೂ ಒಂದೇ ಅಳತೆ ಹಾಕಬೇಕು.

ನೀರಿನ ದೋಷ ಒಂದೇ: ಸುಲಭವಾಗಿ ತೆಗೆಯಲಾಗದು. ಪಂಕ್ಚರ್ ಆದ ದಿನ ಚೆನ್ನಾಗಿಯೇ ಅರಿವಾಗುತ್ತದೆ. ಗುಡ್ಡದ ತೋಟದವರು, ಟ್ರೈಲರೇ ಮುಖ್ಯ ಕೆಲಸವಾದವರು ನೀರು ತುಂಬಿಸಿಕೊಳ್ಳಲಿ. ಬಯಲಿನ ಮೆತ್ತನೆ ಮಣ್ಣಿನ ಅಡಿಕೆ ತೋಟದವರಿಗೆ ಬಿಚ್ಚಿಡಬಹುದಾದ ಎರಕದ ತೂಕವೇ ಮೇಲು.

ಗಾಳಿಯೂ ಭಾರದ ಲೆಕ್ಕಕ್ಕೇ ಸೇರಿದ್ದು. ತೋಟದೊಳಗೆ ಕೈಪಿಡಿ ಹೇಳುವ ಕಡಿಮೆ ಒತ್ತಡ ಇಟ್ಟುಕೊಂಡರೆ ಟಯರು ಅಗಲವಾಗಿ ಹರಡಿ, ಹೆಚ್ಚು ಬಟನ್ ನೆಲ ಮುಟ್ಟಿ, ಮಣ್ಣಿನ ಮೇಲಿನ ಒತ್ತಡವೂ ಇಳಿಯುತ್ತದೆ. ಹೊರೆ ಹೇರಿ ರಸ್ತೆಗೆ ಇಳಿಯುವಾಗ ಏರಿಸಬೇಕು. ನೂರಿನ್ನೂರು ರೂಪಾಯಿಯ ಒಂದು ಗಾಳಿಮಾಪಕ ಮನೆಯಲ್ಲಿರಲಿ. ಒದ್ದು ನೋಡಿ ಗಾಳಿ ಹೇಳುವವರ ಕಾಲಿಗೆ 12 ಪಿ.ಎಸ್.ಐ.ಗೂ 20ಕ್ಕೂ ವ್ಯತ್ಯಾಸ ತಿಳಿಯದು.

ಮಗುಚುವುದು ಹೇಗೆ

ಇಷ್ಟೆಲ್ಲ ಲೆಕ್ಕ ಯಾಕೆಂದರೆ, ಟ್ರ್ಯಾಕ್ಟರಿನಿಂದ ಆಗುವ ಸಾವುಗಳಲ್ಲಿ ಮಗುಚಿ ಆಗುವುದು ಮುಖ್ಯವಾದದ್ದು. ಪಕ್ಕಕ್ಕೆ ಮಗುಚುವುದನ್ನು ಎಲ್ಲರೂ ಬಲ್ಲರು. ಹಿಂದಕ್ಕೆ ಮಗುಚುವುದು ಅದಕ್ಕಿಂತ ಭೀಕರ. ಕೆಸರಿನಲ್ಲಿ ಹಿಂದಿನ ಚಕ್ರ ಹೂತಿದೆ. ಚಕ್ರದ ಮುಂದೆ ಮರದ ತುಂಡು ಕೊಟ್ಟು ಆಕ್ಸಿಲರೇಟರ್ ಒತ್ತುತ್ತೇವೆ. ಚಕ್ರ ತಿರುಗಲಾಗದೆ ನಿಂತರೆ ಆ ಬಲ ಟ್ರ್ಯಾಕ್ಟರಿನ ಮೈಯನ್ನೇ ಅಚ್ಚಿನ ಸುತ್ತ ಮೇಲಕ್ಕೆ ತಿರುಗಿಸುತ್ತದೆ. ಮೂತಿ ಎದ್ದುದರಿಂದ ಹಿಡಿದು ಇನ್ನು ತಡೆಯಲಾಗದು ಎಂಬ ಹಂತಕ್ಕೆ ಮುಕ್ಕಾಲು ಸೆಕೆಂಡು ಸಾಕು. ಕ್ಲಚ್ ಒತ್ತಬೇಕೆಂದು ಹೊಳೆಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಮರದ ದಿಮ್ಮಿ ಎಳೆಯುವಾಗ ಸರಪಳಿಯನ್ನು ಕೆಳಗಿನ ಡ್ರಾಬಾರಿಗೆ ಬಿಟ್ಟು ಮೇಲಿನ ಕೊಂಡಿಗೆ ಹಾಕಿದರೂ ಹೀಗೆಯೇ. ಮುಂದಿನ ತೂಕ ಇದಕ್ಕೆ ಕೊಂಚ ತಡೆಯೇ ಹೊರತು ಔಷಧಿಯಲ್ಲ. ಎಳೆತವೆಲ್ಲ ಡ್ರಾಬಾರಿನಿಂದಲೇ ಆಗಬೇಕು, ಹೂತ ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆಯಲು ನೋಡಬೇಕು.

ಸ್ವೀಡನ್ ದೇಶ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಚಾಲಕನನ್ನು ಕಾಯುವ ಉಕ್ಕಿನ ಕಮಾನು ಕಡ್ಡಾಯ ಮಾಡಿತು. ನಮ್ಮಲ್ಲಿ ಅದಿಲ್ಲದ ಟ್ರ್ಯಾಕ್ಟರುಗಳು ಎಷ್ಟೋ ಇವೆ. ಕೊಂಬೆಗೆ ತಾಗುತ್ತದೆಂದು ಬೇಡ ಎನ್ನುವವರಿಗೆ ಮಡಚುವ ಕಮಾನೂ ಉಂಟು. ಇದ್ದವರು ಸೊಂಟಪಟ್ಟಿಯನ್ನೂ ಕಟ್ಟಿಕೊಳ್ಳಬೇಕು. ಬರಿಯ ಕಮಾನು ಹೊರಗೆ ಎಸೆಯಲ್ಪಟ್ಟವನನ್ನು ಕಾಯದು.

ಇಳಿಜಾರಿನಲ್ಲಿ ಅಡ್ಡ ಹೋಗುವುದಕ್ಕಿಂತ ನೇರ ಏರಿ ಇಳಿಯುವುದು ಕ್ಷೇಮ. ಎರಡು ಚಕ್ರ ಚಾಲನೆಯದಾದರೆ ಕಡಿದಾದ ಏರನ್ನು ಹಿಮ್ಮುಖವಾಗಿ ಏರಿ, ಮುಮ್ಮುಖವಾಗಿ ಇಳಿಯಬೇಕು. ಅಗಳು ಎಷ್ಟು ಆಳವೋ ಅದರ ಅಂಚಿನಿಂದ ಅಷ್ಟಾದರೂ ದೂರವಿರಬೇಕು. ಮಳೆಗಾಲದ ಧರೆ ನೋಡಲು ಗಟ್ಟಿಯಾಗಿ ಕಂಡರೂ ಒಳಗೆ ನೀರು ಕುಡಿದಿರುತ್ತದೆ. ಸಣ್ಣ ಟ್ರ್ಯಾಕ್ಟರುಗಳಲ್ಲಿ ಬ್ರೇಕು ಸಾಮಾನ್ಯವಾಗಿ ಹಿಂದಿನ ಚಕ್ರಗಳಿಗೆ ಮಾತ್ರ. ಹೊರೆ ತುಂಬಿದ ಟ್ರೈಲರಿನೊಡನೆ ಇಳಿಯುವಾಗ ಮುಂದಿನ ಚಾಲನೆ ಹಾಕಿಕೊಂಡರೆ ಆ ಬ್ರೇಕು ಮುಂದಿನ ಚಕ್ರಗಳಿಗೂ ಹಂಚಿಕೆಯಾಗುತ್ತದೆ. ಎರಡು ಬ್ರೇಕು ಪೆಡಲುಗಳನ್ನು ಚಿಲಕ ಹಾಕಿ ಜೋಡಿಸಿಕೊಳ್ಳಬೇಕು. ಏರಲು ಬಳಸಿದ ಗೇರಿನಲ್ಲೇ ಇಳಿಯಬೇಕು, ನಡುದಾರಿಯಲ್ಲಿ ಕ್ಲಚ್ ಒತ್ತಬಾರದು.

ಚಕ್ರಗಳ ನಡುವಿನ ಅಗಲ ಹೆಚ್ಚಿಸಲು ಸಾಧ್ಯವಿದ್ದರೆ ಹೆಚ್ಚಿಸಿಕೊಳ್ಳಿ. ಅನೇಕ ಟ್ರ್ಯಾಕ್ಟರುಗಳಲ್ಲಿ ಹಿಂದಿನ ಚಕ್ರದ ಒಳಮೈಯನ್ನು ಹೊರಗೆ ಮಾಡಿ ಹಾಕಿದರೆ ಕೆಲವು ಅಂಗುಲ ಸಿಗುತ್ತದೆ. ಹಾಗೆ ಮಾಡುವಾಗ ಎಡದ ಚಕ್ರವನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಬದಲಿಸಬೇಕು, ಇಲ್ಲದಿದ್ದರೆ ಬಟನ್ನಿನ ದಿಕ್ಕು ತಿರುಗಿಬಿಡುತ್ತದೆ. ಟ್ರ್ಯಾಕ್ಟರಿನ ಹಿಂದೆ ನಿಂತು ನೋಡಿದಾಗ ಬಟನ್ನುಗಳು ಹೆಂಚಿನ ಮನೆಯ ಮಾಡಿನಂತೆ ಮೇಲಕ್ಕೆ ಚೂಪಾಗಿ ಕಾಣಬೇಕು. ಆಗಲೇ ಕೆಸರು ಎರಡು ಬದಿಗೆ ಜಾರಿ ಟಯರು ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ.

ಹಾಕಿಸುವಾಗ, ಹಾಕಿಸಿದ ಮೇಲೆ

ಟಯರಿನ ಅಂಚು ರಿಮ್ಮಿಗೆ ಕೂರಲಿಲ್ಲವೆಂದು ಗಾಳಿ ಏರಿಸುತ್ತಲೇ ಹೋಗುವುದು ಅಂಗಡಿಗಳಲ್ಲಿ ಕಾಣುವ ಅಭ್ಯಾಸ. 35 ಪಿ.ಎಸ್.ಐ. ದಾಟಬಾರದು. ಕೂರದಿದ್ದರೆ ಗಾಳಿ ಪೂರ್ತಿ ಬಿಟ್ಟು, ಅಂಚಿಗೆ ಸೋಪಿನ ನೀರು ಸವರಿ ಮತ್ತೆ ಪ್ರಯತ್ನಿಸಬೇಕು. ಟಯರು ಸಿಡಿದರೆ ಎದುರಿಗಿದ್ದವರು ಉಳಿಯುವುದು ಕಷ್ಟ. ಮಕ್ಕಳನ್ನು ದೂರ ನಿಲ್ಲಿಸಿ, ತಾವೂ ಪಕ್ಕಕ್ಕೆ ಸರಿದು ನಿಲ್ಲಿ.

ಬೋರ್ಡೋ ಹೊಡೆದ ಸಂಜೆ ಟಯರನ್ನೂ ರಿಮ್ಮನ್ನೂ ನೀರಿನಿಂದ ತೊಳೆಯಬೇಕು. ತಾಮ್ರ ರಬ್ಬರಿನ ಶತ್ರು; ರಬ್ಬರನ್ನು ಬೇಗ ಮುಪ್ಪಾಗಿಸುತ್ತದೆ. ರಸಗೊಬ್ಬರದ ಪುಡಿ ರಿಮ್ಮಿಗೆ ತುಕ್ಕು ಹಿಡಿಸುತ್ತದೆ, ಡೀಸೆಲ್ ಬಿದ್ದ ರಬ್ಬರು ಊದಿಕೊಳ್ಳುತ್ತದೆ. ಟ್ರ್ಯಾಕ್ಟರನ್ನು ಕೊಟ್ಟಿಗೆಯ ನೆರಳಿನಲ್ಲಿ ನಿಲ್ಲಿಸಿ. ಸಿಂಪಡಣೆ ಮುಗಿದ ಕೂಡಲೆ ಬಂಪರಿನ ತೂಕ ಬಿಚ್ಚಿಟ್ಟುಬಿಡಿ.

ಹೊಸ ಟಯರು ಹಾಕಿದ ದಿನ ಎರಡು ಗಂಟೆ ಓಡಿಸಿ, ನಿಲ್ಲಿಸಿ, ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯಿರಿ. ಮರುದಿನ ಬೆಳಿಗ್ಗೆ ತೋಟಕ್ಕೆ ಹೊರಡುವ ಮುನ್ನ ಮತ್ತೊಮ್ಮೆ.